ಕೂರಲಗಿನ ಮೊದಲ ಬಂಡವಾಳ

ಆತ್ಮಜ್ಞಾನದ ದಾರಿಯನ್ನು ಕಠೋಪನಿಷತ್ತು ಕ್ಷುರದ ಅಲಗಿಗೆ ಹೋಲಿಸಿದೆ. ಹಾಗೆ ಹೋಲಿಸಿದ ಋಷಿಯನ್ನು ನಾವು ನೀಳವಾದ ಗಡ್ಡದೊಡನೆಯೇ ಕಲ್ಪಿಸಿಕೊಳ್ಳುತ್ತೇವೆ; ಆದರೂ ಆತ ಒಳ್ಳೆಯ ಕ್ಷುರವೊಂದನ್ನು ಹತ್ತಿರದಿಂದ ಕಂಡಿದ್ದನೆಂಬುದರಲ್ಲಿ ನನಗೆ ಸಂಶಯವಿಲ್ಲ. ಮುಂಜಾನೆ ಕನ್ನಡಿಯ ಮುಂದೆ ಮಡಚುಗತ್ತಿಯನ್ನು ಬಿಚ್ಚಿ ನಿಂತವನಿಗೆ ಆ ಉಪಮೆಯ ಅರ್ಥ ಭಾಷ್ಯಕಾರರ ನೆರವಿಲ್ಲದೆಯೇ ಹೊಳೆಯುತ್ತದೆ.

ಈ ಮಾತನ್ನು ಎತ್ತುವುದಕ್ಕೆ ಕಾರಣವುಂಟು. ನಾನು ವಾಸವಾಗಿರುವ ಗೊಟ್ಟಿಗೆರೆ, ಬನ್ನೇರುಘಟ್ಟದ ದಾರಿಯಲ್ಲಿ ಕೆರೆಯೊಂದನ್ನು ನೆಚ್ಚಿಕೊಂಡಿದ್ದ ಹಳ್ಳಿ. 2007ರಲ್ಲಿ ಬೆಂಗಳೂರಿನ ಪಾಲಿಕೆಯ ಎಲ್ಲೆ ಹಿಗ್ಗಿದಾಗ ನಗರದೊಳಗೆ ಸೇರಿಹೋಯಿತು. ಇಲ್ಲಿಯ ತರುಣರಲ್ಲಿ ಕೆಲವರಿಗೆ ಈಚೆಗೆ ಹಳೆಯ ಮಡಚುಗತ್ತಿಯಿಂದ ತಾವೇ ಮುಖಕ್ಷೌರ ಮಾಡಿಕೊಳ್ಳುವ ಹಂಬಲ ಹುಟ್ಟಿದೆ. ನಾನು ಬಹುಕಾಲದಿಂದ ಅಂಥ ಕತ್ತಿಯನ್ನೇ ಬಳಸುತ್ತಿರುವುದನ್ನು ಬಲ್ಲವರು, ‘ಮೊದಲಿಗೆ ಏನೇನು ಕೊಳ್ಳಬೇಕು?’ ಎಂದು ಕೇಳುತ್ತಾರೆ. ಅವರು ಎಣಿಸುವುದಕ್ಕಿಂತ ನನ್ನ ಪಟ್ಟಿ ಚಿಕ್ಕದು. ಅದರ ಕೊನೆಯ ವಸ್ತುವಂತೂ ಅಂಗಡಿಯಲ್ಲಿ ದೊರೆಯತಕ್ಕದ್ದಲ್ಲ.

ಈ ವಿದ್ಯೆ ಮನೆಗಳಿಂದ ಮರೆಯಾದದ್ದು ಹೇಗೆಂಬುದನ್ನು ಮೊದಲು ನೆನೆಯಬೇಕು. ಅಮೆರಿಕದ ಕಿಂಗ್ ಜಿಲೆಟ್ ಎಂಬಾತ ಬಳಸಿ ಬಿಸಾಡುವ ತೆಳು ಬ್ಲೇಡನ್ನು 1903ರಲ್ಲಿ ಮಾರುಕಟ್ಟೆಗೆ ತಂದ. ಮರುವರ್ಷ ಅದಕ್ಕೆ ಪೇಟೆಂಟು ದೊರೆಯಿತು. ಮೊದಲನೆಯ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕರ ಚೀಲವನ್ನು ಸೇರಿದ ಮೇಲೆ ಅದಕ್ಕೆ ಎದುರಾಳಿಯೇ ಉಳಿಯಲಿಲ್ಲ. ಸಾಣೆ ಹಿಡಿಯುವ ಶ್ರಮ ತಪ್ಪಿತು. ಶ್ರಮದೊಡನೆ ತಿಳಿವಳಿಕೆಯೂ ತಪ್ಪಿತು. ಇಂದು ನಮ್ಮ ಕ್ಷೌರದಂಗಡಿಗಳಲ್ಲಿ ಕಾಣುವ ಮಡಚುಗತ್ತಿಗೂ ಸ್ವಂತ ಅಲಗಿಲ್ಲ. ಬ್ಲೇಡನ್ನು ಎರಡಾಗಿ ಮುರಿದು, ಒಂದು ಹೋಳನ್ನು ಅದರ ಬಾಯಿಗೆ ಸಿಕ್ಕಿಸುತ್ತಾರೆ. ಹಲವರ ಮುಖಕ್ಕೆ ತಗಲುವ ಸಾಧನವಾದ್ದರಿಂದ ಆರೋಗ್ಯದ ದೃಷ್ಟಿಯಿಂದ ಅದೇ ಸರಿ. ಒಬ್ಬನೇ ಬಳಸುವ ಕತ್ತಿಯ ಮಾತು ಬೇರೆ.

ಒಳ್ಳೆಯ ಅಲಗಿನ ಕಥೆಯಲ್ಲಿ ನಮ್ಮ ನಾಡಿಗೂ ಪಾಲುಂಟು. 1800-01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್, ಮಣ್ಣಿನ ಮೂಸೆಯಲ್ಲಿ ಕಬ್ಬಿಣದೊಡನೆ ತಂಗಡಿಯ ಕಡ್ಡಿಯನ್ನೂ ಹಸಿರೆಲೆಯನ್ನೂ ಇಟ್ಟು ಕಾಸಿ ಉಕ್ಕು ಮಾಡುತ್ತಿದ್ದ ಬಗೆಯನ್ನು ಬರೆದಿಟ್ಟಿದ್ದಾನೆ. ಆಂಗ್ಲರು ಈ ಉಕ್ಕನ್ನು ‘ವೂಟ್ಸ್’ ಎಂದು ಕರೆದರು. ಅದು ನಮ್ಮ ‘ಉಕ್ಕು’ ಎಂಬ ಮಾತಿನ ರೂಪಾಂತರವೆಂದು ವಿದ್ವಾಂಸರು ಭಾವಿಸುತ್ತಾರೆ. ಇದರ ಗುಟ್ಟನ್ನು ಬಿಡಿಸಲು ಹೊರಟ ಮೈಕೇಲ್ ಫ್ಯಾರಡೆ, ಸ್ಟೋಡಾರ್ಟ್ ಎಂಬ ಶಸ್ತ್ರಕಾರನೊಡನೆ ಉಕ್ಕಿನ ಮಿಶ್ರಲೋಹಗಳನ್ನು ಪರೀಕ್ಷಿಸಿ, 1820 ಮತ್ತು 1822ರಲ್ಲಿ ಫಲಿತಾಂಶಗಳನ್ನು ಪ್ರಕಟಿಸಿದ. ವಿದ್ಯುತ್ತಿನ ಆ ಮಹಾಪುರುಷ ತಾನು ತಯಾರಿಸಿದ ಉಕ್ಕಿನಿಂದ ಕ್ಷೌರದ ಕತ್ತಿಗಳನ್ನು ಮಾಡಿಸಿ ಗೆಳೆಯರಿಗೆ ಉಡುಗೊರೆ ಕೊಡುತ್ತಿದ್ದನಂತೆ.

ಇನ್ನು ಕೊಳ್ಳುವ ವಿಚಾರ. ಕತ್ತಿಯ ಅಗಲವನ್ನು ಅಂಗುಲದ ಎಂಟನೆಯ ಭಾಗಗಳಲ್ಲಿ ಹೇಳುವುದು ವಾಡಿಕೆ. ಹೊಸಬನಿಗೆ 5/8, ಎಂದರೆ ಸುಮಾರು 16 ಮಿಲಿಮೀಟರು, ತಕ್ಕ ಅಳತೆ. ಇನ್ನೂ ಅಗಲವಾದದ್ದು ಮೂಗಿನ ಕೆಳಗೆ ತಿರುಗದು. ತುದಿ ದುಂಡಗಿರಲಿ; ಚೂಪು ತುದಿ ಕಿವಿಯ ಹಾಲೆಯನ್ನು ಹುಡುಕಿಕೊಂಡು ಹೋಗುತ್ತದೆ. ಜರ್ಮನಿಯ ಸೋಲಿಂಗೆನ್, ಇಂಗ್ಲೆಂಡಿನ ಶೆಫೀಲ್ಡ್ ಊರುಗಳ ಹಳೆಯ ಅಲಗುಗಳು ಇಂದಿಗೂ ಕೈಬದಲಾಗುತ್ತಿವೆ. ಅವುಗಳನ್ನು ಹಗುರವಾಗಿ ಎಣಿಸಬೇಕಾಗಿಲ್ಲ. ಹಿಡಿಯ ಅಂದಕ್ಕೆ ಮರುಳಾಗದೆ ಅಂಚನ್ನು ಬೆಳಕಿಗೆ ಹಿಡಿದು ನೋಡಬೇಕು. ಬೆನ್ನಿನ ಮೇಲಣ ಕಲೆ ಕ್ಷಮ್ಯ. ಅಂಚಿನಲ್ಲಿ ತುಕ್ಕಿನ ಕುಳಿಯಾಗಲಿ ಬಿರುಕಾಗಲಿ ಇದ್ದರೆ ಬಿಟ್ಟುಬಿಡುವುದೇ ಮೇಲು. ಅಗ್ಗಕ್ಕೆ ಥಳಥಳಿಸುವ ಹೊಸ ಕತ್ತಿಗಳಲ್ಲಿ ಎಷ್ಟೋ ಸಾಣೆಯನ್ನೇ ಹಿಡಿಯವು. ಅವು ಮೇಜಿನ ಅಲಂಕಾರಕ್ಕೆ ಸರಿ, ಕೆನ್ನೆಗಲ್ಲ.

ಎಲ್ಲಕ್ಕಿಂತ ಮುಖ್ಯವಾದ ಮಾತು: ಮೊದಲ ಅಲಗು ಬಲ್ಲವರ ಕೈಯಲ್ಲಿ ಹದಗೊಂಡು ಬಂದಿರಬೇಕು. ಅಂಚನ್ನು ಎಬ್ಬಿಸಲು ಸಾವಿರದ ತರಗತಿಯ ಕಲ್ಲು, ನಯಗೊಳಿಸಲು ಎಂಟು ಸಾವಿರದ್ದು, ಅದಕ್ಕೂ ಮೇಲಿನದು ಎಂದು ಹೊಸಬರು ಕಲ್ಲುಗಳನ್ನು ಕೂಡಿಹಾಕುತ್ತಾರೆ. ಅವಸರವಿಲ್ಲ. ಹರಿತವಾದ ಅಂಚು ಹೇಗಿರುತ್ತದೆಂಬುದನ್ನು ಕೆನ್ನೆ ಅರಿಯುವ ಮುನ್ನ ಕೈ ಅದನ್ನು ಹುಟ್ಟಿಸಲಾರದು. ಚೆನ್ನಾಗಿ ಮಸೆದ ಅಲಗನ್ನು ಸರಿಯಾಗಿ ಪಾಲಿಸಿದರೆ ಕಲ್ಲಿನ ಅಗತ್ಯ ತಿಂಗಳುಗಟ್ಟಲೆ ಬೀಳುವುದಿಲ್ಲ.

ಆ ಪಾಲನೆಗೆ ಬೇಕಾದುದು ಚರ್ಮದ ಪಟ್ಟಿ, ಸ್ಟ್ರಾಪು. ಕಲ್ಲು ಉಕ್ಕನ್ನು ಸವೆಸುತ್ತದೆ; ಚರ್ಮ ಸವೆಸುವುದಕ್ಕಿಂತ ಹೆಚ್ಚಾಗಿ ಬಾಗಿದ ಅಂಚನ್ನು ನೆಟ್ಟಗೆ ಮಾಡುತ್ತದೆ. ಪ್ರತಿ ಕ್ಷೌರಕ್ಕೆ ಮುಂಚೆ, ಬೆನ್ನು ಮುಂದಾಗಿ ಅಂಚು ಹಿಂದಾಗಿ, ಐವತ್ತು ಅರುವತ್ತು ಬಾರಿ ಎಳೆಯಬೇಕು. ಕೊನೆ ಮುಟ್ಟಿದಾಗ ಬೆನ್ನನ್ನು ಚರ್ಮದಿಂದ ಎತ್ತದೆ ಅದರ ಮೇಲೆಯೇ ಹೊರಳಿಸಬೇಕು. ಅಂಚಿನ ಮೇಲೆ ಹೊರಳಿಸಿದರೆ ಪಟ್ಟಿ ಸೀಳುತ್ತದೆ. ಹೊಸಬನ ಪಟ್ಟಿ ಗಾಯಗೊಳ್ಳದೆ ಇರುವುದು ಅಪರೂಪವಾದ್ದರಿಂದ ಎರಡೂವರೆ ಅಂಗುಲದ ಸಾಮಾನ್ಯ ಪಟ್ಟಿಯನ್ನೇ ಕೊಳ್ಳಲಿ. ಬೆಲೆಬಾಳುವುದು ಕೈ ಪಳಗಿದ ಮೇಲೆ ಬರಲಿ. ಇದಕ್ಕೆ ಒಂದು ಬ್ರಷ್ಷು, ನೊರೆ ದಟ್ಟವಾಗಿ ಏಳುವ ಸಾಬೂನು, ಗೀರಿಗೆ ಒತ್ತಲು ಪಟಿಕದ ಹರಳು, ಇಷ್ಟನ್ನು ಸೇರಿಸಿದರೆ ಸಾಮಗ್ರಿ ಪೂರ್ತಿಯಾಯಿತು. ಬಳಸಿದ ಅಲಗನ್ನು ಒರಸಿ ಒಣಗಿಸಿ, ತೊಟ್ಟು ಎಣ್ಣೆ ಸವರಿಡುವುದನ್ನು ಮರೆಯಬಾರದು; ಇಂಗಾಲದ ಉಕ್ಕಿಗೆ ನೀರೇ ಶತ್ರು.

ಉಳಿದದ್ದು ಆ ಕೊನೆಯ ವಸ್ತು: ಗುರು. ಕತ್ತಿಯನ್ನು ಮುಖಕ್ಕೆ ಸುಮಾರು 30 ಡಿಗ್ರಿ ಓರೆಯಾಗಿ ಹಿಡಿಯಬೇಕೆಂದು ಬರೆದು ಹೇಳಬಹುದು. ಇನ್ನೊಂದು ಕೈ ಚರ್ಮವನ್ನು ಎಷ್ಟು ಬಿಗಿಯಾಗಿ ಎಳೆಯಬೇಕು, ಗದ್ದದ ತಿರುವಿನಲ್ಲಿ ಮಣಿಕಟ್ಟು ಎಲ್ಲಿ ಸಡಿಲಬೇಕು ಎಂಬುದನ್ನು ಬರೆದು ಹೇಳಲಾಗದು. ಅದನ್ನು ಬಲ್ಲವರು ನಮ್ಮ ಬೀದಿಯ ಕ್ಷೌರಿಕರು. ಅವರಲ್ಲಿ ಹಿರಿಯರಾದವರಿಗೆ ಸಾಣೆಯ ನೆನಪೂ ಉಂಟು. ಸಾವಿರಾರು ರೂಪಾಯಿ ತೆತ್ತು ದೂರದೇಶದ ಕತ್ತಿ ತರಿಸುವ ತರುಣರಿಗೆ ನಾನು ಹೇಳುವುದಿಷ್ಟೇ: ಅವರ ಬಳಿ ಹೋಗಿ ಕೂತು, ಕಲಿಸಿರೆಂದು ಕೇಳಿರಿ, ಕಲಿಸಿದ್ದಕ್ಕೆ ಶುಲ್ಕ ಕೊಡಿರಿ.

ಕೆಲವರಿಗೆ ಈ ಮಾತು ಹಿಡಿಸುವುದಿಲ್ಲವೆಂಬುದನ್ನು ಅವರ ಮುಖದಲ್ಲಿಯೇ ಓದಬಲ್ಲೆ. ವಿದ್ಯೆ ಬೇಕು, ವಿದ್ಯೆಯುಳ್ಳವನು ಗುರುವಾಗಬಾರದು! ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಹಡಪದ ಅಪ್ಪಣ್ಣನನ್ನೂ ವಚನಕಾರ್ತಿಯಾದ ಆತನ ಮಡದಿ ಲಿಂಗಮ್ಮನನ್ನೂ ಶರಣರು ತಮ್ಮ ಸಾಲಿನಲ್ಲಿ ಕೂರಿಸಿಕೊಂಡರು; ಆ ಅಪ್ಪಣ್ಣನನ್ನು ಇಂದು ಕ್ಷೌರಿಕ ಸಮುದಾಯ ತನ್ನ ಹಿರಿಯನೆಂದು ಪೂಜಿಸುತ್ತದೆ. ಆದರೆ ಆ ಕಸುಬಿನ ಹೆಸರನ್ನು ಬೈಗುಳವಾಗಿ ಬಳಸುವ ನಾಲಗೆಗಳು ನಮ್ಮಲ್ಲಿನ್ನೂ ಇವೆ. ಕತ್ತಿಗೆ ಇನ್ನೊಂದು ಕ್ರೂರ ಮುಖವೂ ಉಂಟು. ಸಾತಾರದಲ್ಲಿ ಯಾವ ಕ್ಷೌರಿಕನೂ ಮುಟ್ಟಲೊಪ್ಪದೆ, ಬಾಲಕ ಅಂಬೇಡ್ಕರರ ತಲೆಗೂದಲನ್ನು ಅವರ ಅಕ್ಕನೇ ಕತ್ತರಿಸಬೇಕಾಯಿತು. ಪ್ರಿಟೋರಿಯಾದಲ್ಲಿ ಬಿಳಿಯ ಕ್ಷೌರಿಕ ನಿರಾಕರಿಸಿದಾಗ ಗಾಂಧೀಜಿ ಕತ್ತರಿಯಂತ್ರ ಕೊಂಡು ತಮ್ಮ ತಲೆಯನ್ನು ತಾವೇ ಕತ್ತರಿಸಿಕೊಂಡರು. ನಮ್ಮ ರಾಜ್ಯದ ಹಳ್ಳಿಗಳಲ್ಲಿ ದಲಿತರಿಗೆ ಕ್ಷೌರ ನಿರಾಕರಿಸಿದ ಸುದ್ದಿಗಳು ಈ ಶತಮಾನದಲ್ಲಿಯೂ ಪತ್ರಿಕೆಗಳಲ್ಲಿ ಬಂದಿವೆ. ಮುಟ್ಟುವ ಕಸುಬನ್ನು ಕೀಳೆಂದ ಸಮಾಜವೇ, ಯಾರನ್ನು ಮುಟ್ಟಬಾರದೆಂದು ಆ ಕಸುಬಿನವನಿಗೆ ಅಪ್ಪಣೆ ಮಾಡಿತು.

ಆದ್ದರಿಂದ ತನ್ನ ಮುಖವನ್ನು ತಾನೇ ನೋಡಿಕೊಳ್ಳಬಲ್ಲ ಸ್ವಾವಲಂಬನೆ ದೊಡ್ಡದೆಂದು ಒಪ್ಪುತ್ತೇನೆ; ಆ ವಿದ್ಯೆ ಯಾರಿಂದ ಬಂತೆಂಬ ಕೃತಜ್ಞತೆ ಅದಕ್ಕಿಂತ ದೊಡ್ಡದು. ಒಂದು ಹದವಾದ ಅಲಗು, ಒಂದು ಸಾದಾ ಚರ್ಮದ ಪಟ್ಟಿ, ಬ್ರಷ್ಷು, ಸಾಬೂನು, ಪಟಿಕ. ಮೊದಲ ವಾರವೆಲ್ಲ ಎರಡು ಕೆನ್ನೆಗಳಷ್ಟೇ ಸಾಕೆನ್ನುವ ತಾಳ್ಮೆ. ಕಲಿಸುವವನ ಮುಂದೆ ತಗ್ಗಿದ ತಲೆ. ಕ್ಷೌರದ ಕುರ್ಚಿಯಲ್ಲಿ ನಾವೆಲ್ಲರೂ ಹೇಗೂ ತಲೆ ತಗ್ಗಿಸಿಯೇ ಕೂರುತ್ತೇವೆ. ಅದನ್ನು ಒಮ್ಮೆ ಮನಸ್ಸಿಟ್ಟು ಮಾಡಿದರೆ ಸಾಕು.