ಮಲೆನಾಡಿನ ಮನೆಯಲ್ಲೊಂದು ಕಾರ್ಯಕೊಠಡಿ

ಕಳಸದಲ್ಲಿ ಒಂದು ಮಳೆಗಾಲ. ಗೋಡೆಗೆ ಒತ್ತಿ ಇಟ್ಟಿದ್ದ ಪೆಟ್ಟಿಗೆಯನ್ನು ನಾವು ತೆರೆದಾಗ, ಎರಡು ವರ್ಷ ಶ್ರಮಿಸಿ ಬರೆದ ಟಿಪ್ಪಣಿಗಳ ಮೇಲೆ ಬೂಷ್ಟು ಹಬ್ಬಿತ್ತು. ಮಸಿ ಹರಡಿ ಅಕ್ಷರಗಳು ಅಳಿಸಿಹೋಗಿದ್ದವು. ತಪ್ಪು ಮಳೆಯದಲ್ಲ, ನಮ್ಮ ಕೊಠಡಿಯ ವ್ಯವಸ್ಥೆಯದು.

ಗಾಳಿಯ ಸಾಪೇಕ್ಷ ಆರ್ದ್ರತೆಯು ಶೇಕಡಾ 70ನ್ನು ಮೀರಿ ಬಹುದಿನ ನಿಂತರೆ ಬೂಷ್ಟಿನ ಬೀಜಕಗಳು ಕಾಗದದ ಮೇಲೆ ಮೊಳೆಯತೊಡಗುತ್ತವೆ. ತಣ್ಣನೆಯ ಗೋಡೆಯ ಬಳಿ ಗಾಳಿಯು ತಂಪಾಗುವುದರಿಂದ ಅಲ್ಲಿ ಈ ಆರ್ದ್ರತೆ ಇನ್ನೂ ಹೆಚ್ಚು. ಕಾಫಿ ಬೆಳೆಗಾರರು ಇದನ್ನು ಚೆನ್ನಾಗಿ ಬಲ್ಲರು. ಪಾರ್ಚ್‌ಮೆಂಟ್ ಕಾಫಿಯನ್ನು ತೇವಾಂಶವು ಸುಮಾರು ಶೇಕಡಾ 10ಕ್ಕೆ ಇಳಿಯುವವರೆಗೆ ಒಣಗಿಸಿ, ಮೂಟೆಗಳನ್ನು ಮರದ ಹಲಗೆಗಳ ಮೇಲೆ, ಗೋಡೆಗೆ ತಾಗದಂತೆ ಪೇರಿಸುತ್ತಾರೆ. ಪುಸ್ತಕಗಳಿಗೂ ಅದೇ ನ್ಯಾಯ. ಕಪಾಟು ಗೋಡೆಯಿಂದ ಗೇಣುದೂರವಿರಬೇಕು. ಅಮೂಲ್ಯವಾದ ಟಿಪ್ಪಣಿಗಳನ್ನು ಬಿಗಿಮುಚ್ಚಳದ ಡಬ್ಬಿಯಲ್ಲಿ, ತೇವವನ್ನು ಹೀರುವ ಸಿಲಿಕಾ ಜೆಲ್‌ನೊಡನೆ ಇಡುವುದು ಲೇಸು.

ಮೋಡ ಕವಿದ ಹಗಲಿನಲ್ಲಿ ಬೆಳಕಿಗೂ ಬರ. ಆದುದರಿಂದ ಮೇಜು ಕಿಟಕಿಯ ಬಳಿಯಿರಲಿ. ಬಲಗೈಯಿಂದ ಬರೆಯುವವರಿಗೆ ಬೆಳಕು ಎಡಗಡೆಯಿಂದ ಬಂದರೆ ಕೈಯ ನೆರಳು ಬರೆಹದ ಮೇಲೆ ಬೀಳದು. ಚಿಕ್ಕ ದೀಪವನ್ನು ಎರಡರಷ್ಟು ದೂರಕ್ಕೆ ಸರಿಸಿದರೆ ಹಾಳೆಗೆ ದೊರೆಯುವ ಬೆಳಕು ಸುಮಾರು ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಸೂರಿನ ದೊಡ್ಡ ದೀಪಕ್ಕಿಂತ ಮೇಜಿನ ಸಣ್ಣ ದೀಪವೇ ಮೇಲೆನ್ನಲು ಇದೇ ಕಾರಣ.

ಮೂಡಿಗೆರೆಯ ತೋಟದ ಮನೆ ‘ನಿರುತ್ತರ’ದಲ್ಲಿದ್ದುಕೊಂಡೇ ಪೂರ್ಣಚಂದ್ರ ತೇಜಸ್ವಿಯವರು (1938–2007) ಸಾಹಿತ್ಯಕೃಷಿ ನಡೆಸಿದರು. ಮಳೆಯ ನಾಡು ಬರೆಹಕ್ಕೆ ಅಡ್ಡಿಯಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ? ಮೇಜು, ದೀಪ, ಕಪಾಟುಗಳನ್ನು ತಕ್ಕ ಸ್ಥಾನಕ್ಕೆ ಸರಿಸಲು ಒಂದು ಭಾನುವಾರ ಸಾಕು. ಆದರೆ ಅದು ಜೂನ್ ತಿಂಗಳಿಗೆ ಮುಂಚಿನ ಭಾನುವಾರವಾಗಿರಬೇಕು.