ಕರೆಂಟ್ ಹೋಗಿದೆ ಎಂದು ಮೋಟಾರ್‌ಗೆ ಕೈ ಹಾಕಬೇಡಿ

ತಾಳವಾಡಿ: ಊರಿನ ಟ್ಯಾಂಕ್ ತುಂಬಿಸುವವರನ್ನು ಗಡಿಯಾಚೆ ಚಾಮರಾಜನಗರ ಕಡೆ ನೀರುಗಂಟಿ ಎನ್ನುತ್ತಾರೆ. ಈಚೆ ನಮ್ಮ ತಾಳವಾಡಿ, ಹಾಸನೂರು ಕಡೆ ಟ್ಯಾಂಕ್ ಆಪರೇಟರ್ ಎನ್ನುತ್ತಾರೆ. ಹೆಸರು ಎರಡಾದರೂ ಕೆಲಸ ಒಂದೇ. ಕೈ ಒದ್ದೆ, ನೆಲ ಒದ್ದೆ, ಪಕ್ಕದಲ್ಲೇ ತ್ರೀ ಫೇಸ್ ಕರೆಂಟ್. ಜಲ ಜೀವನ್ ಮಿಷನ್ 2019ರಲ್ಲಿ ಆರಂಭವಾದಾಗ ಹಳ್ಳಿಯ ಪ್ಲಂಬರ್, ಎಲೆಕ್ಟ್ರೀಷಿಯನ್, ಪಂಪ್ ಆಪರೇಟರ್‌ಗಳಿಗೆ ತರಬೇತಿ ಕೊಡುವ ಮಾತು ಅದರ ಮಾರ್ಗಸೂಚಿಯಲ್ಲೇ ಸೇರಿತು. ಅಂಥ ತರಬೇತಿಯಲ್ಲಿ ಎಲ್ಲಕ್ಕಿಂತ ಮೊದಲು ಕಲಿಯಬೇಕಾದ ಪಾಠ ಯಾವುದು?

ಹೋಗುವುದು ಬೇರೆ, ತೆಗೆಯುವುದು ಬೇರೆ

ಲೈನಿನಲ್ಲಿ ಕರೆಂಟ್ ಹೋಗಿರುವುದಕ್ಕೂ, ನಾವೇ ಮೇನ್ ಸ್ವಿಚ್ ಇಳಿಸಿ ತೆಗೆದಿರುವುದಕ್ಕೂ ಬಹಳ ವ್ಯತ್ಯಾಸವಿದೆ. ಹೋದ ಕರೆಂಟ್ ಹೇಳದೆ ಕೇಳದೆ ವಾಪಸ್ ಬರುತ್ತದೆ. ಆಟೋ ಸ್ಟಾರ್ಟರ್ ಇದ್ದರೆ ಮೋಟಾರ್ ತಾನೇ ಓಡುತ್ತದೆ. ಮೊಬೈಲ್ ಸ್ಟಾರ್ಟರ್ ಇದ್ದರೆ ಬೇರೆ ಯಾರೋ ಮನೆಯಲ್ಲಿ ಕೂತೇ ಹಾಕಿಬಿಡಬಹುದು.

ಆದ್ದರಿಂದ ರಿಪೇರಿಗೆ ಮುಂಚೆ ಮೇನ್ ಇಳಿಸಿ, ಮೂರೂ ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಳ್ಳಬೇಕು. ಪೆಟ್ಟಿಗೆಗೆ ಬೀಗ ಹಾಕಿ, ಕೀಲಿ ಕೆಲಸ ಮಾಡುವವನ ಹತ್ತಿರವೇ ಇರಬೇಕು. ಆಮೇಲೆ ಮೂರು ಫೇಸನ್ನೂ ಟೆಸ್ಟ್ ಲ್ಯಾಂಪ್‌ನಿಂದ ನೋಡಬೇಕು. ಲ್ಯಾಂಪ್ ಸರಿಯಿದೆಯೇ ಎಂದು ಕರೆಂಟ್ ಇರುವ ಕಡೆ ಮೊದಲೇ ನೋಡಿಕೊಂಡಿರಬೇಕು. ಮೇನ್ ಇಳಿಸಿದರೂ ಅದಕ್ಕೆ ಬರುವ ತಂತಿಗಳಲ್ಲಿ ಕರೆಂಟ್ ಇದ್ದೇ ಇರುತ್ತದೆ. ಅದನ್ನೂ ಕಂಬವನ್ನೂ ವಿದ್ಯುತ್ ಇಲಾಖೆಯವರೇ ಮುಟ್ಟಬೇಕು.

ಫ್ಯೂಸ್ ನಮ್ಮನ್ನು ಕಾಯುವುದಿಲ್ಲ

'ಶಾಕ್ ಹೊಡೆದರೆ ಫ್ಯೂಸ್ ಹೋಗುತ್ತದೆ ಬಿಡಿ' ಎಂಬ ನಂಬಿಕೆ ತಪ್ಪು. 5 ಎಚ್.ಪಿ. ಮೋಟಾರ್ ಸುಮಾರು 7ರಿಂದ 8 ಆಂಪಿಯರ್ ಎಳೆಯುತ್ತದೆ. ಫ್ಯೂಸ್ ಅದಕ್ಕೂ ಮೇಲೆ ತಡೆಯುವಂಥದ್ದು. ಮನುಷ್ಯನ ಪ್ರಾಣಕ್ಕೆ ಅಪಾಯ ತರಲು ಒಂದು ಆಂಪಿಯರ್‌ನ ಹತ್ತರಲ್ಲೊಂದು ಪಾಲೂ ಬೇಕಿಲ್ಲ. ಜೀವ ಉಳಿಸಲೆಂದೇ ಇರುವ ಆರ್.ಸಿ.ಸಿ.ಬಿ. ಎಂಬ ಸಾಧನ 30 ಮಿಲಿ ಆಂಪಿಯರ್ ಸೋರಿದರೂ ಕರೆಂಟ್ ಕಡಿಯುತ್ತದೆ. ಸ್ಟಾರ್ಟರ್ ಪೆಟ್ಟಿಗೆಗೂ ಬೋರ್‌ವೆಲ್ ಕೇಸಿಂಗ್ ಪೈಪಿಗೂ ಅರ್ತ್ ತಂತಿ ಗಟ್ಟಿಯಾಗಿರಬೇಕು. ಬೇಸಿಗೆಯಲ್ಲಿ ಮಣ್ಣು ಒಣಗಿದರೆ ಅರ್ತ್ ದುರ್ಬಲವಾಗುತ್ತದೆ, ಅರ್ತ್ ಗುಂಡಿಗೆ ನೀರು ಹಾಕುತ್ತಿರಬೇಕು.

ಫಲಕ ಯಾವ ಭಾಷೆಯಲ್ಲಿ?

250 ವೋಲ್ಟ್ ಮೀರಿದ ಕಡೆ ತಲೆಬುರುಡೆ ಚಿತ್ರದ ಅಪಾಯ ಫಲಕ ಇರಬೇಕು, ಅದು ಹಿಂದಿ ಅಥವಾ ಇಂಗ್ಲಿಷಿನ ಜೊತೆಗೆ ಜಿಲ್ಲೆಯ ಭಾಷೆಯಲ್ಲಿರಬೇಕು ಎಂದು ನಿಯಮ ಹೇಳುತ್ತದೆ. ತ್ರೀ ಫೇಸ್ ಎಂದರೆ 415 ವೋಲ್ಟ್. ಈರೋಡು ಜಿಲ್ಲೆಯ ಭಾಷೆ ತಮಿಳು. ಆದರೆ ಕನ್ನಡ ಶಾಲೆಯಲ್ಲಿ ಓದಿದವರು ಇಲ್ಲಿ ಬಹಳ ಮಂದಿ. ತಮಿಳು ಮಾತಾಡಲು ಬಂದರೂ ಓದಲು ಎಲ್ಲರಿಗೂ ಬರುವುದಿಲ್ಲ. 'ಕೆಲಸ ನಡೆಯುತ್ತಿದೆ, ಸ್ವಿಚ್ ಹಾಕಬೇಡಿ' ಎಂಬ ಒಂದು ಸಾಲನ್ನು ತಮಿಳಿನ ಕೆಳಗೆ ಕನ್ನಡದಲ್ಲೂ ಬರೆಸಲು ಯಾವ ನಿಯಮವೂ ಅಡ್ಡಿಯಿಲ್ಲ. ಒಂದು ಡಬ್ಬಿ ಬಣ್ಣ ಸಾಕು.

ಶಾಕ್ ಹೊಡೆದರೆ

ಸಿಕ್ಕಿಕೊಂಡವರನ್ನು ಬರಿಗೈಯಲ್ಲಿ ಎಳೆಯಬೇಡಿ. ಮೊದಲು ಮೇನ್ ಇಳಿಸಿ. ಅದು ಆಗದಿದ್ದರೆ ಒಣ ನೆಲದಲ್ಲಿ ನಿಂತು ಒಣ ಮರದ ಕೋಲಿನಿಂದ ಬಿಡಿಸಿ. ಉಸಿರಿಲ್ಲದಿದ್ದರೆ ಎದೆಯ ನಡುವೆ ಎರಡೂ ಕೈಯಿಂದ ನಿಮಿಷಕ್ಕೆ 100ರಿಂದ 120 ಸಲ ಒತ್ತುತ್ತಿರಿ, ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ. ಗಡಿಯ ಎರಡೂ ಕಡೆ ಅದೇ ನಂಬರ್. ಬೆಟ್ಟದ ದಾರಿಯಲ್ಲಿ ಆಂಬುಲೆನ್ಸ್ ಬರಲು ಹೊತ್ತಾಗಬಹುದು, ಬರುವವರೆಗೂ ಒತ್ತುವುದನ್ನು ನಿಲ್ಲಿಸಬಾರದು.

ಟ್ಯಾಂಕ್ ಒಂದು ಗಂಟೆ ತಡವಾಗಿ ತುಂಬಿದರೆ ಊರು ಕಾಯಬಹುದು. ಕೊಳಾಯಿ ಮುಂದೆ ನಿಂತು ಅವಸರ ಮಾಡುವವರೂ ಇದನ್ನು ತಿಳಿದಿರಬೇಕು.