ಸೊರಬದಲ್ಲಿ ಸೋಲದ ಬಂಗಾರಪ್ಪ

ಎಸ್. ಬಂಗಾರಪ್ಪನವರಿಗೆ ‘ಸೋಲಿಲ್ಲದ ಸರದಾರ’ ಅಂತ ಬಿರುದಿತ್ತು. ಅಭಿಮಾನಿಗಳು ಬ್ಯಾನರಿನಲ್ಲಿ ಬರೆಸುತ್ತಿದ್ದರು, ಪತ್ರಿಕೆಯವರೂ ಹಾಗೇ ಬರೆಯುತ್ತಿದ್ದರು. ಆದರೆ ಅವರು 1998ರಲ್ಲಿ ಸೋತಿದ್ದರು. 2008ರಲ್ಲಿ ಸೋತರು, 2009ರಲ್ಲೂ ಸೋತರು. ಹಾಗಾದರೆ ಬಿರುದು ಸುಳ್ಳೇ? ಸೊರಬದವರನ್ನು ಕೇಳಿದರೆ ಸುಳ್ಳಲ್ಲ ಎನ್ನುತ್ತಾರೆ. ಅವರ ಮಾತಿನಲ್ಲಿ ಒಂದು ಷರತ್ತಿದೆ: ನಮ್ಮ ತಾಲ್ಲೂಕಿನಲ್ಲಿ, ಶಾಸಕನ ಚುನಾವಣೆಯಲ್ಲಿ. 1967ರಿಂದ 1994ರವರೆಗೆ ಏಳು ಸಲ ನಿಂತರು, ಏಳೂ ಸಲ ಗೆದ್ದರು. ಈ ಲೇಖನ ಆ ಷರತ್ತಿನ ಬಗ್ಗೆ.

ನಾನು ಈ ಕಡೆಯವನೇ, ಸಮಾಜ ಪಾಠದ ಮೇಷ್ಟ್ರಾಗಿದ್ದವನು. ನೌಕರಿಯುದ್ದಕ್ಕೂ ಚುನಾವಣೆ ಡ್ಯೂಟಿ ತಪ್ಪಲಿಲ್ಲ. ಮತಪೆಟ್ಟಿಗೆ ಹೊತ್ತು ಲಾರಿಯಲ್ಲಿ ಹೋಗಿ ಶಾಲೆಯ ಬೆಂಚಿನ ಮೇಲೆ ಮಲಗಿ, ಬೆಳಿಗ್ಗೆ ಏಜೆಂಟರ ಎದುರಿಗೆ ಪೆಟ್ಟಿಗೆ ಬಾಯಿ ತೆರೆದು ತೋರಿಸಿ ಅರಗಿನ ಮುದ್ರೆ ಒತ್ತಿದವನು. ಆ ಕೆಲಸದಲ್ಲಿ ಒಂದು ಲಾಭವಿದೆ. ಯಾರು ಯಾರ ಏಜೆಂಟಾಗಿ ಕೂತಿದ್ದಾರೆ, ಹೋದ ಸಲ ಯಾವ ಬಣ್ಣದ ಚೀಟಿ ಹಿಡಿದಿದ್ದರು ಅನ್ನುವುದು ಕಣ್ಣಿಗೆ ಬೀಳುತ್ತದೆ. ಮಲೆನಾಡಿನ ಈ ಅಂಚಿನಲ್ಲಿ ನನಗೆ ಕಂಡದ್ದು ಇಷ್ಟು: ಚೀಟಿಯ ಬಣ್ಣ ಬದಲಾಗುತ್ತಿತ್ತು, ಕೂತವರು ಅವರೇ ಇರುತ್ತಿದ್ದರು.

ಬಂಗಾರಪ್ಪ ಹುಟ್ಟಿದ್ದು 1933ರ ಅಕ್ಟೋಬರ್ 26ರಂದು, ಸೊರಬ ತಾಲ್ಲೂಕಿನ ಕುಬಟೂರಿನಲ್ಲಿ. ಆನವಟ್ಟಿಯಿಂದ ಹತ್ತಿರದ ಊರು, ಕೈಟಭೇಶ್ವರ ದೇವಸ್ಥಾನ ಇರುವ ಕಡೆ. ದೀವರ ಜಾತಿಯ ಮನೆ. ಓದಿ ವಕೀಲರಾದರು. ಅವರು ಹದಿಹರೆಯದಲ್ಲಿದ್ದಾಗ, 1951ರಲ್ಲಿ, ಪಕ್ಕದ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಒಡೆಯರ ವಿರುದ್ಧ ಎದ್ದು ನಿಂತಿದ್ದರು. ಗೇಣಿ ಅಳೆಯುವ ಕೊಳಗ ದೊಡ್ಡದು, ರಾಶಿಯಲ್ಲಿ ರೈತನಿಗೆ ಉಳಿಯುವುದು ಕಡಿಮೆ ಅನ್ನುವುದು ತಕರಾರು. ಎಚ್. ಗಣಪತಿಯಪ್ಪ ಮುಂದೆ ನಿಂತರು, ಶಾಂತವೇರಿ ಗೋಪಾಲಗೌಡರು ಬಂದರು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಶಿವಮೊಗ್ಗ ಜಿಲ್ಲೆಯಲ್ಲಿ ಸಮಾಜವಾದ ಅನ್ನುವುದು ಪುಸ್ತಕದಿಂದ ಬಂದದ್ದಲ್ಲ, ಕಣದಿಂದ ಬಂದದ್ದು. ಸೊರಬದ ದೀವರು, ಹಳೆಯ ಗೇಣಿದಾರರು ಯಾವ ಪೆಟ್ಟಿಗೆಗೆ ಓಟು ಹಾಕಿದರು ಎಂಬುದಕ್ಕೆ ಅರ್ಧ ಉತ್ತರ ಅಲ್ಲೇ ಇದೆ.

1967ರಲ್ಲಿ ಅವರು ಸಮಾಜವಾದಿಯಾಗಿ ಮೊದಲ ಸಲ ವಿಧಾನಸಭೆಗೆ ಹೋದರು. ಆಗ ಸಮಾಜವಾದಿಗಳದ್ದೇ ಎರಡು ಒಲೆ: ಪ್ರಜಾ ಸಮಾಜವಾದಿಗಳ ಗುಡಿಸಲು, ಸಂಯುಕ್ತ ಸಮಾಜವಾದಿಗಳ ಆಲದ ಮರ. ಕಾಂಗ್ರೆಸ್ಸಿನದು ಜೋಡೆತ್ತು. 1972ರಲ್ಲಿ ಇಂದಿರಾ ಗಾಂಧಿಯವರ ಹವಾ ಎದ್ದು, ಹಸು-ಕರುವಿನ ಗುರುತಿನ ಕಾಂಗ್ರೆಸ್ 216ರಲ್ಲಿ 165 ಸ್ಥಾನ ಬಾಚಿಕೊಂಡಿತು. ಅಂಥ ವರ್ಷದಲ್ಲೂ ಸೊರಬ ಸಮಾಜವಾದಿಯನ್ನೇ ಕಳಿಸಿತು. ನನಗೆ ಆ ಸಲ ಓಟಿರಲಿಲ್ಲ. ಆಗ 21 ತುಂಬಬೇಕಿತ್ತು. 18ಕ್ಕೆ ಇಳಿದದ್ದು ರಾಜೀವ್ ಗಾಂಧಿ ಕಾಲದಲ್ಲಿ. ಓಟಿಲ್ಲದಿದ್ದರೂ ಕೂಗಲು ಅಡ್ಡಿಯಿರಲಿಲ್ಲ, ಕೂಗಿದೆವು.

ಆಮೇಲೆ ದೇವರಾಜ ಅರಸು ಭೂಸುಧಾರಣೆ ತಂದರು. 1974ರ ಮಾರ್ಚ್ 1ರಿಂದ ಗೇಣಿ ಪದ್ಧತಿ ರದ್ದು, ಉಳುವವನು ಫಾರಂ ನಂಬರ್ 7 ತುಂಬಿ ಭೂನ್ಯಾಯ ಮಂಡಳಿಗೆ ಕೊಡಬೇಕು. ನಮ್ಮ ಕಡೆ ಇವತ್ತಿಗೂ ವಯಸ್ಸಾದವರಿಗೆ ‘ಏಳನೇ ನಂಬರ್ ಫಾರಂ’ ಅಂದರೆ ಸಾಕು, ಸರ್ವೆ ನಂಬರ್ ಸಮೇತ ಕತೆ ಶುರುವಾಗುತ್ತದೆ. ಕಾಗೋಡಿನಲ್ಲಿ ಕೇಳಿದ್ದನ್ನು ಕಾಂಗ್ರೆಸ್ಸೇ ಕಾಯ್ದೆ ಮಾಡಿದ ಮೇಲೆ ಸಮಾಜವಾದಿಗಳು ಏನು ಮಾಡಬೇಕು? ಬಂಗಾರಪ್ಪ ಅರಸು ಕಡೆಗೆ ಹೋದರು, ಮಂತ್ರಿಯೂ ಆದರು. ಇದನ್ನು ಪಕ್ಷಾಂತರ ಅಂತ ಬೈದವರಿದ್ದಾರೆ. ಹತ್ತಾರು ವರ್ಷ ಆಮೇಲೆ ಅವರು ಮಾಡಿದ ಜಿಗಿತಗಳಿಗೆ ಆ ಬೈಗುಳ ಸರಿ. ಈ ಮೊದಲನೆಯದಕ್ಕೆ ಸಲ್ಲದು ಅಂತ ನನ್ನ ಅಭಿಪ್ರಾಯ. 1978ರಲ್ಲಿ ಕೈ ಗುರುತು ಹೊಸದು. ಸೊರಬಕ್ಕೆ ಗುರುತು ಹೊಸದು, ಆಳು ಹಳಬ. ಗೆದ್ದರು.

ಇಲ್ಲಿಂದ ಮುಂದಿನ ಐದು ವರ್ಷ ಅವರ ಜೀವನದ ಅತ್ಯಂತ ಕಹಿಯ ಕಾಲ. ಅರಸು ಇಂದಿರಾರಿಂದ ದೂರವಾದಾಗ ಬಂಗಾರಪ್ಪ ಇಂದಿರಾ ಜೊತೆ ಉಳಿದರು, ಪ್ರದೇಶ ಕಾಂಗ್ರೆಸ್ಸಿನ ಅಧ್ಯಕ್ಷರೂ ಆದರು. 1980ರಲ್ಲಿ ಅರಸು ಸರ್ಕಾರ ಬಿತ್ತು. ಅಧ್ಯಕ್ಷನಿಗೇ ಮುಖ್ಯಮಂತ್ರಿ ಪಟ್ಟ ಅಂತ ಸೊರಬದಲ್ಲಿ ಲೆಕ್ಕ ಹಾಕಿದ್ದರು. ಕುರ್ಚಿ ಗುಂಡೂರಾಯರ ಪಾಲಾಯಿತು. ಮುನಿದರು, ಹೊರಬಂದರು. ಅರಸು ಕಟ್ಟಿದ್ದ ಕ್ರಾಂತಿರಂಗ, 1982ರ ಜೂನ್‌ನಲ್ಲಿ ಅರಸು ತೀರಿಕೊಂಡ ಮೇಲೆ ಇವರ ಕೈಗೆ ಬಂತು. ಜನತಾ ಪಕ್ಷದ ಜೊತೆ ಸೇರಿ 1983ರಲ್ಲಿ ನೇಗಿಲು ಹೊತ್ತ ರೈತನ ಗುರುತಿಗೆ ಓಟು ಕೇಳಿದರು. ಆ ಕೂಟಕ್ಕೆ 95, ಕಾಂಗ್ರೆಸ್ಸಿಗೆ 82. ಕರ್ನಾಟಕದಲ್ಲಿ ಮೊದಲ ಸಲ ಕಾಂಗ್ರೆಸ್ಸಿಲ್ಲದ ಸರ್ಕಾರ. ಈ ಸಲವಾದರೂ? ಇಲ್ಲ. ಆ ಚುನಾವಣೆಗೆ ನಿಂತೇ ಇರದ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿಯಾದರು. ಬಂಗಾರಪ್ಪ ಮತ್ತೆ ಕಾಂಗ್ರೆಸ್ಸಿಗೆ ಮರಳಿದರು.

1985ರಲ್ಲಿ ಹೆಗಡೆಯವರ ಅಲೆ, ಜನತಾ ಪಕ್ಷಕ್ಕೆ 139. ಬಂಗಾರಪ್ಪ ಈಗ ಕೈ ಗುರುತಿನವರು, ಅಂದರೆ ಎರಡೇ ವರ್ಷದ ಹಿಂದೆ ತಾವೇ ಸೋಲಿಸಲು ಹೊರಟಿದ್ದ ಪಕ್ಷದವರು. ಬೇರೆ ಕಡೆಯಾಗಿದ್ದರೆ ಜನ ಮುಖಕ್ಕೇ ಕೇಳುತ್ತಿದ್ದರು. ಸೊರಬ ಗೆಲ್ಲಿಸಿತು, ಸದನದಲ್ಲಿ ವಿರೋಧ ಪಕ್ಷದ ನಾಯಕರಾಗಿ ಕೂತರು. ಅಲೆಯ ಜೊತೆ ಗೆಲ್ಲುವುದು ಒಂದು, ಅಲೆಗೆ ಎದುರಾಗಿ ಗೆಲ್ಲುವುದು ಇನ್ನೊಂದು. 72 ಮತ್ತು 85 ಎರಡೂ ಎರಡನೆಯ ಬಗೆಯವು. ಬಿರುದಿಗೆ ನಿಜವಾದ ಆಧಾರ ಈ ಎರಡು ಗೆಲುವುಗಳೇ ಅನ್ನುವುದು ನನ್ನ ಎಣಿಕೆ.

ಹೇಗೆ ಸಾಧ್ಯವಾಯಿತು? ಜಾತಿ ಅಂತ ಒಂದೇ ಮಾತಿನಲ್ಲಿ ಮುಗಿಸುವವರಿದ್ದಾರೆ. ದೀವರ ಸಂಖ್ಯೆ ಇಲ್ಲಿ ದೊಡ್ಡದು, ನಿಜ. ಆದರೆ ಅದೇ ಜಾತಿಯ ಬೇರೆಯವರು ಎದುರು ನಿಂತಾಗಲೂ ಓಟು ಹಂಚಿಹೋಗಲಿಲ್ಲವಲ್ಲ. ಅವರು ಡೊಳ್ಳು ಕಟ್ಟಿ ಕುಣಿಯುತ್ತಿದ್ದರು, ಶಾಸ್ತ್ರೀಯ ಸಂಗೀತ ಹಾಡುತ್ತಿದ್ದರು, ಷಟಲ್ ಆಡುತ್ತಿದ್ದರು. ಬೆಂಗಳೂರಿನವರಿಗೆ ಇದು ಶೋಕಿ ಅನ್ನಿಸಿತು. ಅಪ್ಪ ಗೇಣಿ ಅಳೆಯುವಾಗ ತಲೆ ತಗ್ಗಿಸಿ ನಿಂತದ್ದನ್ನು ನೋಡಿದ ಮನೆಗಳಿಗೆ ಮಾತ್ರ, ನಮ್ಮವನೊಬ್ಬ ತಲೆಯೆತ್ತಿ, ಬೇಕಾದ ಬಟ್ಟೆ ತೊಟ್ಟು, ಯಾರಿಗೂ ಸಲಾಮು ಹಾಕದೆ ಓಡಾಡುವುದು ಬೇರೆಯದೇ ಅರ್ಥ ಕೊಡುತ್ತಿತ್ತು. ಪಕ್ಷ ಬಿಟ್ಟು ಬಂದರೆ ‘ಅವರಿಗೆ ತಲೆಬಾಗಲಿಲ್ಲ’ ಅಂತಲೇ ಊರು ತಿಳಿಯುತ್ತಿತ್ತು. ಪ್ರತಿ ಜಗಳವೂ ಸೊರಬದಲ್ಲಿ ಅವರ ಜಮೆಗೇ ಹೋಯಿತು.

1989ರಲ್ಲಿ ಕಾಂಗ್ರೆಸ್ 178 ಗೆದ್ದು ವೀರೇಂದ್ರ ಪಾಟೀಲರು ಮುಖ್ಯಮಂತ್ರಿಯಾದರು, ಬಂಗಾರಪ್ಪ ಕೃಷಿ ಮಂತ್ರಿ. ಮರುವರ್ಷ ಪಾಟೀಲರು ಕಾಯಿಲೆ ಬಿದ್ದಿದ್ದಾಗ ರಾಜೀವ್ ಗಾಂಧಿ ಬೆಂಗಳೂರಿನ ವಿಮಾನ ನಿಲ್ದಾಣದಲ್ಲೇ ನಾಯಕ ಬದಲಾಗುತ್ತಾರೆ ಎಂದು ಹೇಳಿ ಹೊರಟುಹೋದರು. ಒಂದು ವಾರ ರಾಷ್ಟ್ರಪತಿ ಆಳ್ವಿಕೆ. 1990ರ ಅಕ್ಟೋಬರ್ 17ರಂದು ಬಂಗಾರಪ್ಪ ಪ್ರಮಾಣವಚನ. ಹತ್ತು ವರ್ಷ ಕೈತಪ್ಪಿದ್ದು ಸಿಕ್ಕಿತು. ಮನೆಯಿಲ್ಲದವರಿಗೆ ಆಶ್ರಯ, ಹಳ್ಳಿ ಗುಡಿಗಳಿಗೆ ಆರಾಧನಾ, ಕುಶಲಕರ್ಮಿಗಳಿಗೆ ವಿಶ್ವ, ಹತ್ತು ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಉಚಿತ ಕರೆಂಟು, ಸರ್ಕಾರಿ ನೌಕರಿಯಲ್ಲಿ ಹಳ್ಳಿ ಮಕ್ಕಳಿಗೆ ಕೃಪಾಂಕ. ಕೃಪಾಂಕ ಆಮೇಲೆ ಕೋರ್ಟಿನ ಮೆಟ್ಟಿಲೇರಿ ಬಹಳ ಜನರನ್ನು ಅಲೆದಾಡಿಸಿತು. ಹಳ್ಳಿಯ ಹುಡುಗರನ್ನು ಕಚೇರಿಯ ಬಾಗಿಲವರೆಗೆ ತಂದದ್ದೂ ಅದೇ.

ಅವರ ಕಾಲದಲ್ಲಿ ನಾಡಿಗೆಲ್ಲ ನೆನಪಿರುವುದು ಕಾವೇರಿ. 1991ರ ಜೂನ್ 25ರಂದು ನ್ಯಾಯಮಂಡಳಿ ತಮಿಳುನಾಡಿಗೆ ವರ್ಷಕ್ಕೆ 205 ಟಿಎಂಸಿ ನೀರು ಬಿಡಬೇಕೆಂದು ಮಧ್ಯಂತರ ಆದೇಶ ಕೊಟ್ಟಿತು. ಸರಿಯಾಗಿ ತಿಂಗಳಿಗೆ ಬಂಗಾರಪ್ಪ ಸರ್ಕಾರ ಅದನ್ನು ಮೀರುವ ಸುಗ್ರೀವಾಜ್ಞೆ ತಂದಿತು. ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಸುಗ್ರೀವಾಜ್ಞೆ ಸಂವಿಧಾನಕ್ಕೆ ಸಲ್ಲದು ಎಂದಿತು. ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ತಮಿಳರ ಮೇಲೆ ನಡೆದ ಹಿಂಸೆ ಆ ಸರ್ಕಾರದ ಖಾತೆಯಲ್ಲೇ ಬರೆಯಬೇಕಾದದ್ದು, ಅಭಿಮಾನಿಗಳು ಅದನ್ನು ಹಾರಿಸಿ ಮುಂದೆ ಹೋಗುತ್ತಾರೆ. ಸೊರಬದ ನೀರು ದಂಡಾವತಿ, ವರದೆಯ ನೀರು. ಕಾವೇರಿಗೂ ನಮಗೂ ಗದ್ದೆಯ ಸಂಬಂಧವಿಲ್ಲ. ಆದರೂ ‘ದೆಹಲಿಗೆ ಹೆದರಲಿಲ್ಲ’ ಅನ್ನುವ ಮಾತು ಇಲ್ಲಿ ಓಡಿತು.

1992ರ ನವೆಂಬರಿನಲ್ಲಿ ಆರೋಪಗಳ ನಡುವೆ ಹುದ್ದೆ ಹೋಯಿತು, ವೀರಪ್ಪ ಮೊಯಿಲಿ ಬಂದರು. ಬಂಗಾರಪ್ಪ ತಮ್ಮದೇ ಕರ್ನಾಟಕ ಕಾಂಗ್ರೆಸ್ ಪಕ್ಷ ಕಟ್ಟಿದರು. 1994ರಲ್ಲಿ ಆ ಪಕ್ಷ ಗೆದ್ದದ್ದು ಹತ್ತು ಸ್ಥಾನ. ಕಡಿಮೆ ಅನ್ನಿಸಬಹುದು. ಆದರೆ ಕಾಂಗ್ರೆಸ್ 178ರಿಂದ 34ಕ್ಕೆ ಕುಸಿದದ್ದರಲ್ಲಿ ಇವರು ಒಡೆದ ಓಟಿನ ಪಾಲು ಸಣ್ಣದಲ್ಲ. ಸೊರಬದಲ್ಲಿ ಏಳನೆಯ ಗೆಲುವು.

ಅಲ್ಲಿಗೆ ಶಾಸಕನ ಕತೆ ಮುಗಿಯಿತು. ಸಂಸದನ ಕತೆ ಬೇರೆ, ಅದರ ನಿಯಮವೂ ಬೇರೆ. ಶಿವಮೊಗ್ಗ ಲೋಕಸಭೆಗೆ ಅವರು 1996ರಲ್ಲಿ ತಮ್ಮದೇ ಪಕ್ಷದಿಂದ, 1999ರಲ್ಲಿ ಕಾಂಗ್ರೆಸ್ಸಿನಿಂದ, 2004ರಲ್ಲಿ ಬಿಜೆಪಿಯಿಂದ, 2005ರ ಉಪಚುನಾವಣೆಯಲ್ಲಿ ಸಮಾಜವಾದಿ ಪಕ್ಷದ ಸೈಕಲ್ಲಿನಿಂದ ಗೆದ್ದರು. ನಾಲ್ಕು ಗೆಲುವು, ನಾಲ್ಕು ಪಕ್ಷ. ಕೊನೆಯದನ್ನು ಸ್ವಲ್ಪ ಬಿಡಿಸಿ ಹೇಳಬೇಕು. 1985ರಲ್ಲಿ ಪಕ್ಷಾಂತರ ನಿಷೇಧ ಕಾಯ್ದೆ ಬಂದ ಮೇಲೆ ಗೆದ್ದ ಪಕ್ಷವನ್ನು ಬಿಟ್ಟರೆ ಸ್ಥಾನ ಹೋಗುತ್ತದೆ. ಬಂಗಾರಪ್ಪ ರಾಜೀನಾಮೆ ಕೊಟ್ಟು ಮತ್ತೆ ಜನರ ಎದುರು ನಿಂತರು, ರಾಜ್ಯದಲ್ಲಿ ಗಂಧಗಾಳಿ ಇಲ್ಲದ ಪಕ್ಷದ ಗುರುತಿನಲ್ಲಿ ಗೆದ್ದರು. ರೆಸಾರ್ಟಿನಲ್ಲಿ ಕೂತು ಸರ್ಕಾರ ಬೀಳಿಸುವ ಪದ್ಧತಿಗೆ ಹೋಲಿಸಿದರೆ ಇದಕ್ಕೊಂದು ಮರ್ಯಾದೆ ಇದೆ.

ಆದರೆ 2004ರಲ್ಲಿ ನಡೆದದ್ದಕ್ಕೆ ಅವರು ದುಬಾರಿ ಬೆಲೆ ತೆತ್ತರು. ಆ ವರ್ಷ ವಿಧಾನಸಭೆ, ಲೋಕಸಭೆ ಎರಡಕ್ಕೂ ಒಟ್ಟಿಗೇ ಮತದಾನ. ಒಂದೇ ಮತಗಟ್ಟೆಯಲ್ಲಿ ಎರಡು ಯಂತ್ರ. ಲೋಕಸಭೆಗೆ ಅಪ್ಪ ಕಮಲ. ವಿಧಾನಸಭೆಗೆ ಕಿರಿಮಗ ಮಧು ಕಮಲ, ಹಿರಿಮಗ, ಚಿತ್ರನಟ ಕುಮಾರ್ ಕೈ. ಅಪ್ಪ ಖಾಲಿ ಮಾಡಿದ ಸೊರಬವನ್ನು ಕುಮಾರ್ 1996ರ ಉಪಚುನಾವಣೆಯಲ್ಲೇ ಗೆದ್ದುಕೊಂಡಿದ್ದರು. ಅಪ್ಪ ಗೆದ್ದರು, ಅಪ್ಪನ ಜೊತೆಗಿದ್ದ ಮಗ ಸೋತರು, ಎದುರಾಗಿದ್ದ ಮಗ ಗೆದ್ದರು. ಎರಡು ಯಂತ್ರಕ್ಕೂ ಬೇರೆ ಬೇರೆ ಲೆಕ್ಕ ಇಟ್ಟು ಗುಂಡಿ ಒತ್ತಿದ ಮತದಾರ ಎಷ್ಟು ನಿಖರ ನೋಡಿ.

ಬಿಜೆಪಿ ಆ ಸಲ ರಾಜ್ಯದಲ್ಲಿ 79 ಗೆದ್ದು ಎಲ್ಲರಿಗಿಂತ ದೊಡ್ಡ ಪಕ್ಷವಾಯಿತು. ಹಿಂದುಳಿದವರ ಅಂಗಳಕ್ಕೆ ಕಮಲವನ್ನು ಕೈಹಿಡಿದು ಕರೆತಂದವರು ಬಂಗಾರಪ್ಪ. ವರ್ಷದೊಳಗೆ ಅವರು ಹೊರನಡೆದರು, ಕಮಲ ಹೊರನಡೆಯಲಿಲ್ಲ. ಗುರುತು ಬದಲಾದರೂ ಓಟು ಆಳಿನ ಹಿಂದೆ ಹೋಗುವುದು ಸೊರಬದ ಹಳೆಯ ಕ್ರಮ. ಈ ಬಾರಿ ಒಂದು ಪಾಲು ಓಟು ಗುರುತಿನ ಜೊತೆ ಉಳಿಯಿತು. ಕ್ಷೇತ್ರ ಮರುವಿಂಗಡಣೆಯಲ್ಲಿ ಹೊಸನಗರ ಕ್ಷೇತ್ರ ಅಳಿಸಿಹೋಗಿ, ಅಲ್ಲಿನ ಶಾಸಕ ಹರತಾಳು ಹಾಲಪ್ಪ 2008ರಲ್ಲಿ ಸೊರಬಕ್ಕೆ ಬಂದರು. ಅಣ್ಣ ತಮ್ಮ ಇಬ್ಬರೂ ಎದುರು ಬದುರಾಗಿ ನಿಂತಿದ್ದರು. ಹಾಲಪ್ಪ ಗೆದ್ದರು. 1967ರ ನಂತರ ಮೊದಲ ಸಲ ಸೊರಬ ಆ ಮನೆಯಿಂದ ಹೊರಗೆ ಹೋಯಿತು.

ಅದೇ ವರ್ಷ ಬಂಗಾರಪ್ಪ ಪಕ್ಕದ ಶಿಕಾರಿಪುರದಲ್ಲಿ ಯಡಿಯೂರಪ್ಪನವರ ಎದುರು ನಿಂತರು. ಕಾಂಗ್ರೆಸ್, ಜೆಡಿಎಸ್ ಎರಡೂ ಬೆಂಬಲ ಕೊಟ್ಟವು. ಸೋಲಿನ ಅಂತರ 45,927. ಮರುವರ್ಷ ಲೋಕಸಭೆಯಲ್ಲಿ ಯಡಿಯೂರಪ್ಪನವರ ಮಗ ರಾಘವೇಂದ್ರರ ಎದುರು ಮತ್ತೆ ಸೋಲು. ಎಪ್ಪತ್ತೈದರ ಆಸುಪಾಸಿನ ಮನುಷ್ಯ ತನ್ನದಲ್ಲದ ತಾಲ್ಲೂಕಿಗೆ ಹೋಗಿ ನಿಂತದ್ದು ಹಠವೋ, ಧೈರ್ಯವೋ? ಇಲ್ಲಿನವರು ಎರಡೂ ಅನ್ನುತ್ತಾರೆ. ನನಗೆ ಹಠದ ಪಾಲೇ ಹೆಚ್ಚು ಕಾಣುತ್ತದೆ. ಜೆಡಿಎಸ್ ಸೇರಿದ್ದರು, 2011ರ ಡಿಸೆಂಬರ್ 26ರಂದು ತೀರಿಕೊಂಡರು.

ಸೊರಬ ಆಮೇಲೆ ಅಣ್ಣ ತಮ್ಮಂದಿರ ನಡುವೆ ಓಡಾಡಿತು. 2013ರಲ್ಲಿ ಮಧು, ಜೆಡಿಎಸ್. 2018ರಲ್ಲಿ ಕುಮಾರ್, ಈಗ ಅವರು ಕಮಲದಲ್ಲಿ, ಅಂತರ 13,286. 2023ರಲ್ಲಿ ಮಧು, ಈಗ ಅವರು ಕೈಯಲ್ಲಿ, ಅಂತರ 44,262. ಮಧು ಶಾಲಾ ಶಿಕ್ಷಣ ಮಂತ್ರಿಯಾದರು. ಲೋಕಸಭೆಯ ಲೆಕ್ಕ ಇದಕ್ಕೆ ಪೂರ್ತಿ ಉಲ್ಟಾ. 2014ರಲ್ಲಿ ಮಗಳು ಗೀತಾ ಶಿವರಾಜ್‌ಕುಮಾರ್ ಯಡಿಯೂರಪ್ಪನವರ ಎದುರು ಮೂರೂವರೆ ಲಕ್ಷಕ್ಕೂ ಹೆಚ್ಚು ಮತಗಳಿಂದ ಸೋತರು. 2018ರ ಉಪಚುನಾವಣೆ, 2019ರ ಚುನಾವಣೆ ಎರಡರಲ್ಲೂ ರಾಘವೇಂದ್ರರಿಗೆ ಮಧು ಸೋತರು. 2024ರಲ್ಲಿ ಗೀತಾ ಮತ್ತೆ ನಿಂತರು, ತಮ್ಮ ಮಧು ರಾಜ್ಯದಲ್ಲಿ ಮಂತ್ರಿ, ಗಂಡ ಶಿವರಾಜ್‌ಕುಮಾರ್ ಪ್ರಚಾರಕ್ಕೆ. 2,43,715 ಮತಗಳ ಸೋಲು. ಆ ಮನೆಯ ಹೆಸರಿನಲ್ಲಿ ಶಿವಮೊಗ್ಗದಿಂದ ದೆಹಲಿಗೆ ಯಾರೂ ಹೋಗದೆ ಹದಿನೈದು ವರ್ಷ ದಾಟಿತು. ಶಾಸಕರ ಚುನಾವಣೆಯಲ್ಲಿ ಮಾತ್ರ ಸೊರಬ ಈಗಲೂ ಕೇಳುವುದು ಒಂದೇ ಪ್ರಶ್ನೆ: ಆ ಮನೆಯವರಲ್ಲಿ ಈ ಸಲ ಯಾರು?